ಲೈಸೆನ್ಸ್ ಇಲ್ಲದ ರೋಬೋ ಕಿಟ್: ಜೋಡಿಸುವುದು ಹೇಗೆ, ಗುಣಮಟ್ಟ ಅಳೆಯುವುದು ಹೇಗೆ

ಗನ್‌ಪ್ಲಾ ಅಂದರೆ ಜಪಾನಿನ ಕಾರ್ಟೂನ್ ಸರಣಿ ಗಂಡಮ್‌ನಲ್ಲಿ ಬರುವ ರೋಬೋಗಳ ಪ್ಲಾಸ್ಟಿಕ್ ಮಾದರಿ. ಜಪಾನಿನ ಬಂದಾಯ್ ಕಂಪನಿಯ ಮೊದಲ ಗನ್‌ಪ್ಲಾ 1980ರ ಜುಲೈನಲ್ಲಿ ಬಂತು. ಅಳತೆ 1/144, ಅಂದರೆ ಕಥೆಯ ರೋಬೋದ ಎತ್ತರದ 144ರಲ್ಲಿ ಒಂದು ಭಾಗ. ಬೆಲೆ 300 ಯೆನ್. ಅದಕ್ಕೆ ಅಂಟು ಬೇಕಿತ್ತು, ಬಣ್ಣವೂ ಬೇಕಿತ್ತು. ಇವತ್ತಿನ ಕಿಟ್‌ಗಳಿಗೆ ಎರಡೂ ಬೇಡ. ಚೌಕಟ್ಟಿನಿಂದ ಭಾಗ ಕತ್ತರಿಸಿ, ಗೂಟವನ್ನು ತೂತಿಗೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಆ ಒಂದು ಸದ್ದಿನ ಹಿಂದೆ ಅಚ್ಚು ಮಾಡುವವರ ದಶಕಗಳ ಕೆಲಸ ಇದೆ.

ನಮ್ಮಲ್ಲಿ ಈ ಹವ್ಯಾಸಕ್ಕೆ ಇಳಿದವರಿಗೆ ಮೊದಲು ಎದುರಾಗುವುದು ಬೆಲೆ. ಭಾರತದಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಇಂಥ ಅಳತೆ ಮಾದರಿಗಳೂ ಅದೇ ಪಟ್ಟಿಯಲ್ಲಿವೆ. ಹಾಗಾಗಿ ತುಂಬಾ ಜನರ ಕೈಗೆ ಮೊದಲು ಸಿಗುವುದು ಚೀನಾದಲ್ಲಿ ತಯಾರಾದ, ಲೈಸೆನ್ಸ್ ಇಲ್ಲದ ಕಿಟ್. ಕೆಲವರು ಅದು ನಕಲಿ ಅಂತ ಗೊತ್ತಿದ್ದೇ ಕೊಂಡಿರುತ್ತಾರೆ. ಕೆಲವರಿಗೆ ಪೆಟ್ಟಿಗೆ ತೆರೆದ ಮೇಲೆ ಗೊತ್ತಾಗುತ್ತದೆ. ಉಡುಗೊರೆಯಾಗಿ ಬಂದಿದ್ದೂ ಇರಬಹುದು. ಹೇಗೇ ಬಂದಿರಲಿ, ಮೇಜಿನ ಮೇಲೆ ಕಿಟ್ ಇದೆ. ಅದನ್ನು ಚೆನ್ನಾಗಿ ಜೋಡಿಸುವುದು, ಅದರ ಯೋಗ್ಯತೆಯನ್ನು ನ್ಯಾಯವಾಗಿ ಹೇಳುವುದು ಹೇಗೆ ಅನ್ನುವುದಕ್ಕೆ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಅಸಲಿ ಕಿಟ್‌ನಲ್ಲಿ ತಪಾಸಣೆ ಕಾರ್ಖಾನೆಯಲ್ಲೇ ನಡೆದಿರುತ್ತದೆ. ಇಲ್ಲಿ ಆ ಕೆಲಸ ನಿಮ್ಮದು. ಪ್ರತಿ ಗೂಟವನ್ನೂ ಒತ್ತುವ ಮುಂಚೆ ನೋಡಬೇಕು. ಕೈಪಿಡಿ ಹೇಳಿದ್ದನ್ನು ನಂಬಿ ಸುಮ್ನೆ ಒತ್ತುತ್ತಾ ಹೋದರೆ ಎಲ್ಲೋ ಒಂದು ಕಡೆ ಭಾಗ ಬಿರಿಯುತ್ತದೆ, ಅದಕ್ಕೆ ಬದಲಿ ಭಾಗ ಎಲ್ಲೂ ಸಿಗುವುದಿಲ್ಲ.

ನಿಮ್ಮ ಕೈಯಲ್ಲಿರುವುದು ಯಾವ ಬಗೆಯದು?

'ಲೈಸೆನ್ಸ್ ಇಲ್ಲದ್ದು' ಅಂದರೆ ಎಲ್ಲವೂ ಒಂದೇ ಅಲ್ಲ. ಮೊದಲನೆಯದು ನೇರ ನಕಲು. ಅಸಲಿ ಕಿಟ್ ಕೊಂಡು, ಅದರ ಭಾಗಗಳನ್ನೇ ನೋಡಿ ಹೊಸ ಅಚ್ಚು ಮಾಡಿರುತ್ತಾರೆ. ಎರಡನೆಯದರಲ್ಲಿ ರೋಬೋ ಮಾತ್ರ ಬೇರೆಯವರ ಆಸ್ತಿ, ಒಳಗಿನ ಚೌಕಟ್ಟು, ಕೀಲು, ಭಾಗಗಳ ವಿಂಗಡಣೆ ಎಲ್ಲ ಆ ತಯಾರಕರದೇ ಕೆಲಸ. ಅಸಲಿ ಕಂಪನಿ 1/100ರಲ್ಲಿ ತರದೇ ಇರುವ ರೋಬೋವನ್ನು ಇವರು ತಂದಿರುತ್ತಾರೆ. ಹಕ್ಕಿನ ಪ್ರಶ್ನೆ ಎರಡರಲ್ಲೂ ಇದೆ, ಆದರೆ ಕೆಲಸದ ದೃಷ್ಟಿಯಿಂದ ಎರಡನೆಯದಕ್ಕೆ ಬೇರೆಯದೇ ಮಟ್ಟದ ಬುದ್ಧಿ ಬೇಕು. ಇನ್ನು ಚೀನಾದ ಕೆಲವು ಕಂಪನಿಗಳು ಪೂರ್ತಿ ಸ್ವಂತ ವಿನ್ಯಾಸದ ರೋಬೋಗಳನ್ನು ಮಾರುತ್ತವೆ. ಅವು ನಕಲಿಯೇ ಅಲ್ಲ. 'ಚೀನಾ ಕಿಟ್' ಅನ್ನುವ ಒಂದೇ ಮಾತಿನಲ್ಲಿ ಅವನ್ನೂ ಸೇರಿಸಿ ಬೈಯುವುದು ಅನ್ಯಾಯ.

ಗುರುತಿಸುವುದು ಕಷ್ಟವಲ್ಲ. ಅಸಲಿ ಗನ್‌ಪ್ಲಾ ಪೆಟ್ಟಿಗೆಯಲ್ಲಿ ಬಂದಾಯ್ ಗುರುತು ಇರುತ್ತದೆ. ಜೊತೆಗೆ ಸೊತ್ಸು ಮತ್ತು ಸನ್‌ರೈಸ್ ಹೆಸರಿನ ಹಕ್ಕುಸ್ವಾಮ್ಯದ ಸಾಲು ಇರುತ್ತದೆ. ಭಾಗಗಳು ಅಂಟಿಕೊಂಡಿರುವ ಚೌಕಟ್ಟಿಗೆ ರನ್ನರ್ ಅಂತಾರೆ. ಅದರ ಮೂಲೆಯ ಪಟ್ಟಿಯಲ್ಲೂ ಕಂಪನಿಯ ಹೆಸರು ಅಚ್ಚಾಗಿರುತ್ತದೆ. ನೇರ ನಕಲಿನಲ್ಲಿ ಈ ಪಟ್ಟಿ ಖಾಲಿ ಇರುತ್ತದೆ, ಇಲ್ಲವೇ ಕೆರೆದ ಗುರುತು ಕಾಣುತ್ತದೆ. ಪಟ್ಟಿಯ ಅಕ್ಷರ ಮಾಯವಾಗಿ ಉಳಿದ ರನ್ನರ್ ವಿನ್ಯಾಸ ಅಸಲಿಯಂತೆಯೇ ಇದ್ದರೆ ಅದು ಮೊದಲ ಬಗೆಯದು.

ನೇರ ನಕಲಿನ ಕೀಲುಗಳು ಯಾಕೆ ಸಡಿಲ ಅಥವಾ ಬಿಗಿ ಆಗಿರುತ್ತವೆ ಅನ್ನುವುದಕ್ಕೆ ಸರಳ ಕಾರಣ ಇದೆ. ಕರಗಿದ ಪಾಲಿಸ್ಟೈರೀನ್ ಅಚ್ಚಿನೊಳಗೆ ತಣಿಯುವಾಗ ಸುಮಾರು ಅರ್ಧ ಶೇಕಡ ಕುಗ್ಗುತ್ತದೆ. ಮೂಲ ಅಚ್ಚು ಮಾಡಿದವರು ಅದನ್ನು ಲೆಕ್ಕ ಹಾಕಿ ಅಚ್ಚನ್ನು ಅಷ್ಟು ದೊಡ್ಡದಾಗಿ ಕೊರೆದಿರುತ್ತಾರೆ. ಕುಗ್ಗಿದ ಭಾಗವನ್ನೇ ಅಳೆದು ಇನ್ನೊಂದು ಅಚ್ಚು ಮಾಡಿ, ಆ ಲೆಕ್ಕವನ್ನು ಸರಿಯಾಗಿ ಹಿಡಿಯದಿದ್ದರೆ ಭಾಗ ಮತ್ತೊಮ್ಮೆ ಕುಗ್ಗುತ್ತದೆ. ಬೇರೆ ಬಗೆಯ ಪ್ಲಾಸ್ಟಿಕ್ ಸುರಿದರೆ ಕುಗ್ಗುವ ಪ್ರಮಾಣವೂ ಬದಲು. ಕೂದಲೆಳೆಯಷ್ಟು ವ್ಯತ್ಯಾಸವೇ ಗೂಟ ಬಿಗಿಯೋ ಸಡಿಲವೋ ಅಂತ ತೀರ್ಮಾನಿಸುವುದು.

ಸಾಮಾನು

ಜಾಸ್ತಿ ಏನೂ ಬೇಡ. ಒಂದು ಪಕ್ಕ ಚಪ್ಪಟೆ ಇರುವ ನಿಪ್ಪರ್ (ಪ್ಲಾಸ್ಟಿಕ್ ಕತ್ತರಿಸುವ ಸಣ್ಣ ಕಟ್ಟರ್), ಹರಿತ ಬ್ಲೇಡ್ ಇರುವ ಹವ್ಯಾಸದ ಚಾಕು, 400, 600, 800, 1000 ನಂಬರಿನ ಸ್ಯಾಂಡ್‌ಪೇಪರ್, ಚಿಮಟ, ತೆಳು ಪ್ಲಾಸ್ಟಿಕ್ ಸಿಮೆಂಟ್ (ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಅಂಟು), ಸೂಪರ್ ಗ್ಲೂ, ಬಣ್ಣವಿಲ್ಲದ ನೇಲ್ ಪಾಲಿಶ್. ಕೂರಿಸಿದ ಭಾಗವನ್ನು ಬಿಡಿಸಲು ಸಣ್ಣ ಪ್ಲಾಸ್ಟಿಕ್ ಸನಿಕೆಯಂಥ ಉಪಕರಣ ಸಿಗುತ್ತದೆ. ಇಲ್ಲಿ ಅದು ಖಂಡಿತ ಬೇಕು, ಯಾಕೆಂದರೆ ಅಸಲಿ ಕಿಟ್‌ಗಿಂತ ಹೆಚ್ಚು ಸಲ ಬಿಚ್ಚಬೇಕಾಗುತ್ತದೆ. ನಿಪ್ಪರ್‌ಗೆ ಮಾತ್ರ ಹಣ ಉಳಿಸಬೇಡಿ. ಎಲೆಕ್ಟ್ರಿಕಲ್ ಅಂಗಡಿಯ ವೈರ್ ಕಟ್ಟರ್ ಪ್ಲಾಸ್ಟಿಕ್ಕನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ.

ಪೆಟ್ಟಿಗೆ ತೆರೆದ ಕೂಡಲೇ

ನಿಪ್ಪರ್ ಮುಟ್ಟಬೇಡಿ. ಕೈಪಿಡಿಯ ಮೊದಲ ಪುಟಗಳಲ್ಲಿ ರನ್ನರ್‌ಗಳ ಚಿತ್ರ ಇರುತ್ತದೆ. ಒಂದೊಂದೇ ರನ್ನರ್ ತೆಗೆದು ಚಿತ್ರದ ಜೊತೆ ಹೋಲಿಸಿ, ಎರಡೂ ಬದಿಯ ಫೋಟೋ ತೆಗೆದಿಡಿ. ಒಂದು ರನ್ನರ್ ಎರಡು ಸಲ ಬಂದು ಇನ್ನೊಂದು ಬಾರದೇ ಇರುವುದು ಈ ಕಿಟ್‌ಗಳಲ್ಲಿ ಆಗುತ್ತದೆ. ಕತ್ತರಿಸಿದ ಮೇಲೆ ಮಾರಿದವರಿಗೆ ದೂರು ಕೊಟ್ಟರೆ ಕೇಳುವವರಿಲ್ಲ.

ಹೋಲಿಸುವಾಗಲೇ ನಾಲ್ಕು ದೋಷ ಹುಡುಕಿ. ಅಚ್ಚು ಪೂರ್ತಿ ತುಂಬದೆ ತುದಿ ಮೊಂಡಾದ ಭಾಗ. ಅಚ್ಚಿನ ಎರಡು ಹೋಳಿನ ಸಂದಿಯಿಂದ ಸೋರಿ ಅಂಚಿಗೆ ಅಂಟಿದ ತೆಳು ಪೊರೆ. ದಪ್ಪ ಭಾಗದ ಮೇಲೆ ಪ್ಲಾಸ್ಟಿಕ್ ಒಳಕ್ಕೆ ಎಳೆದುಕೊಂಡು ಆದ ಕುಳಿ. ಬಾಗಿದ ಉದ್ದನೆ ಭಾಗ: ಕತ್ತಿ, ಬಂದೂಕು, ರೆಕ್ಕೆ. ಪೊರೆಯನ್ನು ಚಾಕುವಿನಲ್ಲಿ ಕೆರೆದು ತೆಗೆಯಬಹುದು. ಕುಳಿಗೆ ಪುಟ್ಟಿ ಹಾಕಿ ಉಜ್ಜಬಹುದು. ಬಾಗಿದ್ದನ್ನು ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ನೇರ ಹಿಡಿದು, ತಣ್ಣೀರಿಗೆ ಹಾಕಿದರೆ ಸರಿಹೋಗುತ್ತದೆ. ಕುದಿಯುವ ನೀರು ಬೇಡ, ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಗೆ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. ತುಂಬದ ಭಾಗಕ್ಕೆ ಮಾತ್ರ ಸುಲಭದ ಮದ್ದಿಲ್ಲ. ಅದು ಮೈಮೇಲೆ ಕಾಣುವ ಜಾಗದ್ದೋ ಒಳಗೆ ಅಡಗುವುದೋ ಅಂತ ಕೈಪಿಡಿಯಲ್ಲಿ ನೋಡಿ, ಆಮೇಲೆ ಮಾರಿದವರ ಹತ್ತಿರ ಬದಲಿ ಕೇಳುವುದೋ ಬೇಡವೋ ಯೋಚಿಸಿ.

ಮುಟ್ಟಿದರೆ ರನ್ನರ್ ಜಿಡ್ಡು ಜಿಡ್ಡಾಗಿರಬಹುದು. ಅಚ್ಚಿನಿಂದ ಭಾಗ ಸಲೀಸಾಗಿ ಬರಲಿ ಅಂತ ಹಚ್ಚಿದ ಎಣ್ಣೆ ಅದು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಹಳೇ ಟೂತ್‌ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ, ನೆರಳಲ್ಲಿ ಒಣಗಿಸಿ. ಈ ಜಿಡ್ಡಿನ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಡೆಕಾಲೂ (ಮೈಮೇಲೆ ಅಂಟಿಸುವ ಗುರುತು, ಅಕ್ಷರಗಳ ತೆಳು ಹಾಳೆ) ನಿಲ್ಲುವುದಿಲ್ಲ. ಘಾಟು ವಾಸನೆ ಬಂದರೆ ಕಿಟಕಿ ತೆರೆದ ಜಾಗದಲ್ಲಿ ಒಂದೆರಡು ದಿನ ಹರವಿಡಿ. ಮನೆಯಲ್ಲಿ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿದ್ದರೆ ಈ ಕಿಟ್ ಅವರ ಕೈಗೆ ಸಿಗಲೇಬಾರದು. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ಆ ಗುರುತಿಲ್ಲದ ಪೆಟ್ಟಿಗೆಯ ಪ್ಲಾಸ್ಟಿಕ್‌ನಲ್ಲಿ ಏನು ಬೆರೆತಿದೆ ಅಂತ ಯಾರೂ ಪರೀಕ್ಷೆ ಮಾಡಿ ನಿಮಗೆ ಹೇಳಿಲ್ಲ.

ತೊಳೆಯುವಾಗಲೇ ಇನ್ನೊಂದು ಪರೀಕ್ಷೆ ಮಾಡಿಬಿಡಿ. ಅಸಲಿ ರನ್ನರ್ ಮೇಲೆ ಪಿಎಸ್ (ಪಾಲಿಸ್ಟೈರೀನ್), ಎಬಿಎಸ್ (ಇನ್ನೊಂದು ಬಗೆಯ ಗಟ್ಟಿ ಪ್ಲಾಸ್ಟಿಕ್), ಪಿಇ (ಪಾಲಿಎಥಿಲೀನ್) ಅಂತ ಬರೆದಿರುತ್ತದೆ. ಇಲ್ಲಿ ಬರೆದಿರದೇ ಇರಬಹುದು, ಬರೆದದ್ದು ಸುಳ್ಳೂ ಇರಬಹುದು. ಒಂದೊಂದು ರನ್ನರ್‌ನ ಖಾಲಿ ತುಂಡು ಕತ್ತರಿಸಿ ನೀರಿಗೆ ಹಾಕಿ, ಗಾಳಿಗುಳ್ಳೆ ಅಂಟದಂತೆ ಬೆರಳಲ್ಲಿ ಅದುಮಿ ಬಿಡಿ. ತೇಲಿದರೆ ಅದು ಪಾಲಿಎಥಿಲೀನ್ ಜಾತಿಯದು. ಅದಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಹತ್ತುವುದಿಲ್ಲ, ಬಣ್ಣವೂ ಸಿಪ್ಪೆಯಂತೆ ಏಳುತ್ತದೆ. ಮುಳುಗಿದ ತುಂಡಿನ ಮೇಲೆ ಒಂದು ಹನಿ ಸಿಮೆಂಟ್ ಬಿಟ್ಟು ನೋಡಿ. ಬೇಗ ಮೆತ್ತಗಾಗಿ ಅಂಟಂಟಾದರೆ ಪಾಲಿಸ್ಟೈರೀನ್. ಅಷ್ಟಾಗಿ ಕರಗದಿದ್ದರೆ ಬಹುಶಃ ಎಬಿಎಸ್, ಅದಕ್ಕೆ ಬೇರೆ ಸಿಮೆಂಟ್ ಬೇಕು.

ಕತ್ತರಿಸುವುದು

ಭಾಗವನ್ನು ರನ್ನರ್‌ಗೆ ಹಿಡಿದಿರುವ ಸಣ್ಣ ಕೊಂಡಿಗೆ ಗೇಟ್ ಅನ್ನುತ್ತಾರೆ. ಒಂದೇ ಏಟಿಗೆ ಭಾಗದ ಪಕ್ಕಕ್ಕೇ ಕತ್ತರಿಸಬೇಡಿ. ಮೊದಲು ಭಾಗದಿಂದ ದೂರ, ರನ್ನರ್ ಕಡೆಗೆ ಕತ್ತರಿಸಿ. ಕೈಗೆ ಬಂದ ಮೇಲೆ ಉಳಿದ ಮೊಳಕೆಯನ್ನು ಎರಡನೇ ಸಲ, ಕೂದಲೆಳೆ ಬಿಟ್ಟು ಕತ್ತರಿಸಿ. ಆ ಉಳಿಕೆಯನ್ನು ಚಾಕುವಿನಿಂದ ಹೆರೆದು 400, 800, 1000 ಅಂತ ಉಜ್ಜಿ.

ನಕಲಿ ಕಿಟ್‌ಗಳಲ್ಲಿ ಗೇಟ್ ದಪ್ಪ ಇರುವುದು ಸಾಮಾನ್ಯ. ಒತ್ತಡ ಬಿದ್ದರೆ ಬಣ್ಣದ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ. ಕಪ್ಪು, ಕಡುನೀಲಿ, ಕೆಂಪು ಭಾಗಗಳಲ್ಲಿ ಇದು ಎದ್ದು ಕಾಣುತ್ತದೆ. ಆ ಬಣ್ಣಗಳಲ್ಲಿ ಎರಡರ ಬದಲು ಮೂರು ಹಂತದಲ್ಲಿ ಕತ್ತರಿಸಿ. ಪಾರದರ್ಶಕ ಭಾಗಗಳಿಗೂ ಅಷ್ಟೇ, ಅವು ತುಂಬಾ ಪೆಡಸು. ಮತ್ತೆ ಕೈಪಿಡಿಯ ಒಂದು ಹಂತಕ್ಕೆ ಎಷ್ಟು ಬೇಕೋ ಅಷ್ಟನ್ನೇ ಕತ್ತರಿಸಿ. ಇಲ್ಲಿನ ಕೈಪಿಡಿಗಳಲ್ಲಿ ಭಾಗದ ನಂಬರ್ ತಪ್ಪಿರುವುದುಂಟು. ಎಲ್ಲ ಕತ್ತರಿಸಿ ಗುಡ್ಡೆ ಹಾಕಿದರೆ ಎಡ ಯಾವುದು ಬಲ ಯಾವುದು ಅಂತ ಹುಡುಕುವುದೇ ಕೆಲಸವಾಗುತ್ತದೆ.

ಒತ್ತುವ ಮುಂಚೆ

ಇಡೀ ಕೆಲಸದ ಹೃದಯ ಇದು. ಇಲ್ಲಿ ನಿಧಾನ ಮಾಡಿದಷ್ಟೂ ಒಳ್ಳೆಯದು.

ಎರಡು ಭಾಗವನ್ನು ಕೈಯಲ್ಲಿ ಹಿಡಿದು, ಗೂಟ ತೂತಿಗೆ ತಾಗುವಷ್ಟು ಮಾತ್ರ ಸೇರಿಸಿ. ಪೂರ್ತಿ ಒತ್ತಬೇಡಿ. ಮೂರು ವಿಷಯ ನೋಡಿ. ಗೂಟಗಳು ತೂತಿನ ನಡುವಿಗೆ ಬರುತ್ತಿವೆಯೇ? ಸುತ್ತಲಿನ ಸಂದಿ ಎಲ್ಲ ಕಡೆ ಒಂದೇ ಸಮ ಇದೆಯೇ? ಬೆರಳಿನ ಸಾಧಾರಣ ಬಲಕ್ಕೆ ಗೂಟ ಕಾಲು ಭಾಗವಾದರೂ ಒಳಗೆ ಹೋಗುತ್ತಿದೆಯೇ? ಮೂರಕ್ಕೂ ಹೌದು ಅಂದರೆ ಒತ್ತಿ. ಒಂದಕ್ಕೆ ಇಲ್ಲ ಅಂದರೂ ನಿಲ್ಲಿಸಿ.

ಗೂಟ ಬಿಗಿ ಇದ್ದರೆ ಮೊದಲು ಅದರ ತುದಿಯನ್ನು ಓರೆಯಾಗಿ ಕತ್ತರಿಸಿ. ಪ್ರವೇಶ ಸುಲಭವಾಗುತ್ತದೆ, ಹಿಡಿತ ಹೋಗುವುದಿಲ್ಲ. ಆಗಲೂ ಬಿಗಿ ಅಂದರೆ 600ರ ಸ್ಯಾಂಡ್‌ಪೇಪರ್ ಸುತ್ತಿ ಗೂಟವನ್ನು ಎರಡು ಸುತ್ತು ತಿರುಗಿಸಿ, ಮತ್ತೆ ನೋಡಿ. ಒಂದೇ ಸಲ ಜಾಸ್ತಿ ಉಜ್ಜಬಾರದು, ತೆಗೆದ ಪ್ಲಾಸ್ಟಿಕ್ ವಾಪಸ್ ಬರುವುದಿಲ್ಲ. ತೂತನ್ನು ದೊಡ್ಡದು ಮಾಡುವ ಆಸೆ ಬೇಡ. ತೂತಿನ ಗೋಡೆ ತೆಳುವಾದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಬಿಗಿ ಗೂಟವನ್ನು ಹಾಗೇ ಒತ್ತಿದರೆ ಏನಾಗುತ್ತದೆ? ಆ ಕ್ಷಣಕ್ಕೆ ಏನೂ ಆಗದಿರಬಹುದು. ಆದರೆ ತೂತಿನ ಗೋಡೆ ಹಿಗ್ಗಿಕೊಂಡೇ ಇರುತ್ತದೆ. ವಾರಗಳು ಕಳೆದ ಮೇಲೆ, ಅಥವಾ ಥಿನ್ನರ್ ತಾಗಿದ ಕೂಡಲೇ, ಅಲ್ಲಿ ಗೆರೆ ಬಿಡುತ್ತದೆ. ಮೊಣಕೈ, ಮೊಣಕಾಲು, ಸೊಂಟ, ಈ ಮೂರು ಕಡೆ ಇದು ಹೆಚ್ಚು.

ಸಂದಿ ಉಳಿದರೆ ತಕ್ಷಣ ಸಿಮೆಂಟ್ ಎತ್ತಿಕೊಳ್ಳಬೇಡಿ. ಮೊದಲು ಕಾರಣ ಹುಡುಕಿ. ಒಳಗೆ ಗೇಟಿನ ಉಳಿಕೆ ಅಡ್ಡ ಇರಬಹುದು, ಪಾಲಿಕ್ಯಾಪ್ ಅಂದರೆ ಕೀಲಿನೊಳಗಿನ ಮೆತ್ತನೆ ಉಂಗುರ ವಾಲಿಕೊಂಡಿರಬಹುದು, ಅಚ್ಚಿನ ಪೊರೆ ಮೂಲೆಯಲ್ಲಿ ಕೂತಿರಬಹುದು. ಅವೆಲ್ಲ ಇಲ್ಲ ಅಂತ ಖಾತ್ರಿ ಆದ ಮೇಲೆ ಭಾಗವನ್ನು ಬೆರಳಲ್ಲಿ ಒತ್ತಿಹಿಡಿದು, ಸಂದಿಗೆ ತೆಳು ಸಿಮೆಂಟಿನ ಬ್ರಷ್ ತಾಗಿಸಿ. ಅದು ತಾನೇ ಒಳಗೆ ಹರಿಯುತ್ತದೆ. ಅರ್ಧ ನಿಮಿಷ ಹಿಡಿದು, ಒಂದು ದಿನ ಮುಟ್ಟದೆ ಬಿಡಿ. ಸಿಮೆಂಟ್ ಹಾಕುವ ಮುಂಚೆ ಒಳಗಿನ ಕೀಲು ತಿರುಗುತ್ತದೆಯೇ ಅಂತ ಪರೀಕ್ಷಿಸಿ. ಮುಚ್ಚಿದ ಮೇಲೆ ತೆರೆಯಲಾಗುವುದಿಲ್ಲ.

ಕೀಲುಗಳು

ರೋಬೋದ ಒಳಗಿನ ಚೌಕಟ್ಟು ಮುಗಿದು, ಮೇಲೆ ಕವಚ ಹಾಕುವ ಮುಂಚೆ ನಿಲ್ಲಿಸಿ. ಬರೀ ಚೌಕಟ್ಟಿನ ಪ್ರತಿ ಕೀಲನ್ನೂ ಆಡಿಸಿ ನೋಡಿ. ಕವಚದ ಭಾರ ಇಲ್ಲದಾಗಲೇ ಕೈ ಜಾರಿ ಬೀಳುತ್ತಿದ್ದರೆ, ಬಂದೂಕು ಹಿಡಿದ ಮೇಲೆ ಗತಿಯೇನು? ಸಡಿಲ ಗುಂಡು ಕೀಲಿಗೆ (ಬಾಲ್ ಜಾಯಿಂಟ್) ಗುಂಡಿನ ಮೇಲೆ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿಸಿ, ಆಮೇಲೆ ಕೂರಿಸಿ. ಸಾಲದಿದ್ದರೆ ಇನ್ನೊಂದು ಪದರ. ಇನ್ನೂ ಗಟ್ಟಿ ಬೇಕೆಂದರೆ ಸೂಪರ್ ಗ್ಲೂ ಹಚ್ಚಿ ಒಣಗಿಸಬಹುದು. ಒದ್ದೆ ಇರುವಾಗ ಮಾತ್ರ ಕೂರಿಸಬೇಡಿ, ಕೀಲು ಶಾಶ್ವತವಾಗಿ ಅಂಟಿಹೋಗುತ್ತದೆ.

ಯಾವ ಕೀಲಿನ ಮೇಲೆ ಹೆಚ್ಚು ಗಮನ ಇಡಬೇಕು ಅನ್ನುವುದು ರೋಬೋ ನೋಡಿದರೆ ಗೊತ್ತಾಗುತ್ತದೆ. ಬೆನ್ನಿಗೆ ದೊಡ್ಡ ರೆಕ್ಕೆ ಇದ್ದರೆ ಸೊಂಟ ಮತ್ತು ಪಾದದ ಕೀಲು. ಉದ್ದನೆ ಬಂದೂಕು ಇದ್ದರೆ ಭುಜ ಮತ್ತು ಮಣಿಕಟ್ಟು. ಕೆಲವು ಕಿಟ್‌ಗಳಲ್ಲಿ ಲೋಹದ ಚೌಕಟ್ಟು ಕೊಟ್ಟಿರುತ್ತಾರೆ. ಕೈಗೆ ಭಾರ ಚೆನ್ನಾಗಿರುತ್ತದೆ, ಆದರೆ ಆ ಭಾರ ಹೊರಬೇಕಾದ್ದು ಅದೇ ಪ್ಲಾಸ್ಟಿಕ್ ಗೂಟ. ಸ್ಕ್ರೂ ಇದ್ದರೆ ಪೂರ್ತಿ ತಿರುಗಿಸಿ ಬಿಗಿಮಾಡಿ, ಕಾಲು ಸುತ್ತು ಹಿಂದಕ್ಕೆ ಬಿಡಿ. ಕೀಲು ಆಡುತ್ತದೆ, ಹಿಡಿತವೂ ಉಳಿಯುತ್ತದೆ. ಎಲ್‌ಇಡಿ ದೀಪ ಕೊಟ್ಟಿದ್ದರೆ ಎದೆಯೊಳಗೆ ಮುಚ್ಚುವ ಮುಂಚೆ ಹೊರಗೇ ಹಚ್ಚಿ ನೋಡಿ.

ಗೆರೆ, ಡೆಕಾಲ್, ಟಾಪ್ ಕೋಟ್

ಕವಚದ ಸಂದುಗಳಿಗೆ ಕಪ್ಪು ಗೆರೆ ತುಂಬಿದರೆ ರೋಬೋಗೆ ಜೀವ ಬರುತ್ತದೆ. ತುಂಬುವ ಬಣ್ಣದ ಬಾಟಲಿಗಳಲ್ಲಿ ಹೆಚ್ಚಿನವು ಎನಾಮೆಲ್ ಜಾತಿಯವು. ಅದರ ಥಿನ್ನರ್ ಎಬಿಎಸ್ ಭಾಗವನ್ನೂ, ಬಿಗಿಯಾಗಿ ಕೂತ ಗೂಟದ ಸುತ್ತಲಿನ ಗೋಡೆಯನ್ನೂ ಒಡೆಯುತ್ತದೆ. ಹಾಗಾಗಿ ಈ ಕಿಟ್‌ಗಳಿಗೆ ತೆಳು ನಿಬ್ಬಿನ ಮಾರ್ಕರ್ ಪೆನ್ ನನ್ನ ಆಯ್ಕೆ. ಎನಾಮೆಲ್ಲೇ ಬೇಕೆಂದರೆ ಕವಚ ಬಿಚ್ಚಿ, ಬಿಡಿ ಭಾಗದ ಮೇಲೆ ಹಚ್ಚಿ, ಒಣಗಿದ ಮೇಲೆ ಕೂರಿಸಿ.

ನೀರಿನ ಡೆಕಾಲ್‌ಗಳನ್ನು ಅರ್ಧ ನಿಮಿಷ ನೆನೆಸಿ, ಕಾಗದದಿಂದ ಜಾರಿಸಿ, ಹತ್ತಿಯ ಕಡ್ಡಿಯಿಂದ ನೀರು ಒತ್ತಿ ತೆಗೆಯಿರಿ. ಅಂಟು ಸಾಲದೆನಿಸಿದರೆ ಡೆಕಾಲ್‌ಗಾಗಿಯೇ ಸಿಗುವ ಸೆಟ್ಟರ್ ದ್ರವ ಹಚ್ಚಿ. ಮೊದಲ ಪ್ರಯೋಗಕ್ಕೆ ಪಾದದ ಒಳಬದಿಯಂಥ ಕಾಣದ ಜಾಗ ಹಿಡಿಯಿರಿ.

ಕೊನೆಗೆ ಮ್ಯಾಟ್ ಟಾಪ್ ಕೋಟ್, ಅಂದರೆ ಹೊಳಪಿಲ್ಲದ ಪಾರದರ್ಶಕ ಸ್ಪ್ರೇ ಪದರ. ಅಗ್ಗದ ಪ್ಲಾಸ್ಟಿಕ್‌ನ ಹೊಳಪು ಅಡಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರು ಮಳೆಗಾಲದಲ್ಲಿ ಸ್ಪ್ರೇ ಮಾಡಬೇಡಿ. ಗಾಳಿಯ ತೇವ ಪದರದೊಳಗೆ ಸಿಕ್ಕಿ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಒಣ ಬಿಸಿಲಿನ ದಿನಕ್ಕೆ ಕಾಯಿರಿ. ಹೊರಗೆ, ಮಾಸ್ಕ್ ಹಾಕಿಕೊಂಡು, ಒಂದಡಿ ದೂರದಿಂದ ತೆಳು ಪದರಗಳಲ್ಲಿ ಹೊಡೆಯಿರಿ. ಪಾರದರ್ಶಕ ಭಾಗಗಳನ್ನು ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಅವು ಮಂಕಾಗುತ್ತವೆ.

ಅಳೆಯುವುದು

ಮುಗಿದ ರೋಬೋ ಚೆನ್ನಾಗಿ ಕಾಣುತ್ತದೆ ಅನ್ನುವುದು ತೀರ್ಪಲ್ಲ. ಅದರಲ್ಲಿ ನಿಮ್ಮ ಉಜ್ಜುವಿಕೆ, ಸಿಮೆಂಟ್, ತಾಳ್ಮೆ ಎಲ್ಲ ಸೇರಿದೆ. ಕಿಟ್‌ನ ಯೋಗ್ಯತೆ ಬೇರೆ, ನಿಮ್ಮ ಕೆಲಸ ಬೇರೆ. ಇವೆರಡನ್ನು ಬೇರ್ಪಡಿಸಲು ಜೋಡಿಸುವಾಗಲೇ ಒಂದು ಹಾಳೆ ಪಕ್ಕದಲ್ಲಿಟ್ಟುಕೊಳ್ಳಿ. ತಿದ್ದದೇ ಕೂತ ಭಾಗಕ್ಕೆ ಏನೂ ಬರೆಯಬೇಡಿ. ತಿದ್ದಬೇಕಾಗಿ ಬಂದದ್ದಕ್ಕೆ ಗೀಟು ಹಾಕಿ, ಯಾವ ಅಂಗ, ಏನು ದೋಷ ಅಂತ ಎರಡು ಪದ ಬರೆಯಿರಿ. ಕೊನೆಗೆ ನೋಡಿದರೆ ದೋಷಗಳು ಎಲ್ಲೆಡೆ ಚದುರಿವೆಯೋ ಒಂದೇ ರನ್ನರ್‌ನಲ್ಲಿ ಗುಂಪಾಗಿವೆಯೋ ಕಾಣುತ್ತದೆ. ಒಂದೇ ರನ್ನರ್‌ನದಾದರೆ ಆ ಅಚ್ಚು ಕೆಟ್ಟಿದೆ, ಬೇರೆಯವರಿಗೂ ಅಲ್ಲೇ ತೊಂದರೆಯಾಗುವ ಸಾಧ್ಯತೆ ಜಾಸ್ತಿ. ಚದುರಿದ್ದರೆ ಇಡೀ ಕಿಟ್‌ನ ಅಳತೆಯೇ ಸಡಿಲ.

ಅಳತೆಪಟ್ಟಿ ಹಿಡಿಯಿರಿ. ಮೊದಲ ಗಂಡಮ್, ಅಂದರೆ ಆರ್‌ಎಕ್ಸ್-78-2, ಕಥೆಯಲ್ಲಿ 18 ಮೀಟರ್ ಎತ್ತರ. 1/144ರಲ್ಲಿ ಅದು 12.5 ಸೆಂ.ಮೀ. ಇರಬೇಕು, 1/100ರಲ್ಲಿ 18, 1/60ರಲ್ಲಿ 30. ನಿಮ್ಮ ರೋಬೋದ ಎತ್ತರವನ್ನೂ ಹೀಗೇ ಭಾಗಿಸಿ ನೋಡಿ. ಪೆಟ್ಟಿಗೆ ಮೇಲೆ 1/100 ಅಂತ ಬರೆದು ಒಳಗೆ ಬೇರೆ ಅಳತೆ ಇಟ್ಟಿದ್ದರೆ ಅದು ಮೋಸ, ಪ್ಲಾಸ್ಟಿಕ್ ಎಷ್ಟೇ ಚೆನ್ನಾಗಿರಲಿ.

ಆಮೇಲೆ ನಿಲ್ಲಿಸುವ ಪರೀಕ್ಷೆ. ಎಲ್ಲ ಆಯುಧ, ರೆಕ್ಕೆ ತೊಡಿಸಿ, ಸ್ಟ್ಯಾಂಡ್ ಇಲ್ಲದೆ ನಿಲ್ಲಿಸಿ. ಒಂದು ಕೈಯನ್ನು ಭುಜದ ಮಟ್ಟಕ್ಕೆ ಚಾಚಿಸಿ ಬಂದೂಕು ಕೊಡಿ. ಫೋಟೋ ತೆಗೆದು ಒಂದು ರಾತ್ರಿ ಬಿಡಿ, ಬೆಳಿಗ್ಗೆ ಅದೇ ಜಾಗದಿಂದ ಇನ್ನೊಂದು ಫೋಟೋ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕೀಲು ಸೋತಿದೆ ಅಂತ ಕಣ್ಣಿಗೇ ಕಾಣುತ್ತದೆ. ಇದನ್ನೇ ಒಂದೆರಡು ತಿಂಗಳ ಬಳಿಕ ಮತ್ತೆ ಮಾಡಿ, ಜೊತೆಗೆ ಮೊಣಕಾಲು, ಮೊಣಕೈ ಬಿರುಕಿಲ್ಲವೇ ಅಂತ ಟಾರ್ಚ್ ಹಾಕಿ ನೋಡಿ. ಬಿಳಿ ಭಾಗ ಹಳದಿಗೆ ತಿರುಗಿದೆಯೇ ಅಂತಲೂ ನೋಡಿ. ಜೋಡಿಸಿದ ದಿನವೇ ಕೊಟ್ಟ ತೀರ್ಪಿನಲ್ಲಿ ಇವೆರಡೂ ಇರುವುದಿಲ್ಲ. ನನ್ನ ಮಟ್ಟಿಗೆ ಅಂಥ ತೀರ್ಪು ಅರ್ಧ ಮಾತ್ರ.

ತೂಕ ಹಾಕುವಾಗ ಎಲ್ಲಕ್ಕೂ ಸಮ ಅಂಕ ಕೊಡಬೇಡಿ. ಕೀಲು ಮತ್ತು ಜೋಡಣೆಗೆ ಅರ್ಧ ಅಂಕ ಹೋಗಲಿ, ಯಾಕೆಂದರೆ ಅವನ್ನು ಸರಿಪಡಿಸುವುದು ಕಷ್ಟ. ಪ್ಲಾಸ್ಟಿಕ್‌ನ ಗುಣ ಅದರ ನಂತರ. ಬಣ್ಣ ಸ್ವಲ್ಪ ಆಚೀಚೆ ಇದ್ದರೆ ಬಣ್ಣ ಹಚ್ಚಬಹುದು, ಡೆಕಾಲ್ ಕೆಟ್ಟದಿದ್ದರೆ ಬೇರೆ ಕೊಳ್ಳಬಹುದು, ಕೈಪಿಡಿ ಅರ್ಥವಾಗದಿದ್ದರೆ ಚಿತ್ರ ನೋಡಿಯೇ ಜೋಡಿಸಬಹುದು. ಬೆಲೆಗೆ ಅಂಕ ಕೊಡಲೇಬೇಡಿ, ಅದನ್ನು ಪಕ್ಕದಲ್ಲಿ ಬರೆದರೆ ಸಾಕು. 'ಈ ಬೆಲೆಗೆ ಪರವಾಗಿಲ್ಲ' ಅನ್ನುವ ಮಾತು ಮುರಿದ ಗೂಟವನ್ನೂ ಒಪ್ಪಿಸಿಬಿಡುತ್ತದೆ, ಅಲ್ವಾ? ಮತ್ತೆ ಬೆಲೆ ಯಾಕೆ ಕಡಿಮೆ ಅನ್ನುವುದನ್ನೂ ಮರೆಯಬಾರದು. ನೇರ ನಕಲು ಮಾಡಿದವರು ವಿನ್ಯಾಸಕ್ಕೆ ಹಣ ಕೊಟ್ಟಿಲ್ಲ. ಎರಡನೇ ಬಗೆಯವರು ಒಳಗಿನ ಕೆಲಸವನ್ನಾದರೂ ತಾವೇ ಮಾಡಿರುತ್ತಾರೆ. ನೇರ ನಕಲು ಎಷ್ಟೇ ಚೆನ್ನಾಗಿ ಕೂತರೂ ಆ ಹೊಗಳಿಕೆ ಮೂಲ ಅಚ್ಚಿನವರಿಗೆ ಸಲ್ಲಬೇಕು. ಅದನ್ನು ಬಾಯಿಬಿಟ್ಟು ಹೇಳಿ.

ಮುಂದೆ ಯಾರಿಗಾದರೂ ಕೊಡುವುದಾದರೆ ಪೆಟ್ಟಿಗೆ ಮೇಲೆ 'ಲೈಸೆನ್ಸ್ ಇಲ್ಲದ್ದು' ಅಂತ ಬರೆದೇ ಕೊಡಿ. ಅಸಲಿ ಅಂತ ಹೇಳಿ ಮಾರುವುದಂತೂ ಅಪರಾಧ. ನಕಲಿ ಗುರುತಿನ ಸರಕು ಮಾರುವುದು ನಮ್ಮ 1999ರ ಟ್ರೇಡ್ ಮಾರ್ಕ್ ಕಾಯ್ದೆಯಡಿ ಶಿಕ್ಷೆಗೆ ಒಳಪಡುತ್ತದೆ. ಗುಣಮಟ್ಟದ ಹಾಳೆಯನ್ನೂ ಪೆಟ್ಟಿಗೆಯೊಳಗೆ ಹಾಕಿಬಿಡಿ. ಬಿಚ್ಚುವವರಿಗೆ ಯಾವ ಗೂಟಕ್ಕೆ ಸಿಮೆಂಟ್ ಬಿದ್ದಿದೆ ಅಂತ ತಿಳಿಯಬೇಕು.

ಖಾಲಿ ರನ್ನರ್ ಎಸೆಯಬೇಡಿ. ಒಂದೊಂದು ಬಣ್ಣದ್ದು ಬೆರಳುದ್ದದಷ್ಟು ಇಟ್ಟುಕೊಳ್ಳಿ. ಪಾಲಿಸ್ಟೈರೀನ್ ತುಂಡುಗಳನ್ನು ಚೂರು ಮಾಡಿ, ತೆಳು ಸಿಮೆಂಟಿನ ಗಾಜಿನ ಬಾಟಲಿಗೆ ಹಾಕಿ ಒಂದು ರಾತ್ರಿ ಬಿಟ್ಟರೆ ಅದೇ ಬಣ್ಣದ ಗಟ್ಟಿ ಲೇಪ ಸಿದ್ಧವಾಗುತ್ತದೆ. ಎಲ್ಲಾದರೂ ಬಿರುಕು ಬಿಟ್ಟರೆ ಕಡ್ಡಿಯ ತುದಿಯಿಂದ ಅದನ್ನು ತುಂಬಿ, ಎರಡು ದಿನ ಒಣಗಿಸಿ, 600ರಿಂದ ಶುರುಮಾಡಿ ಉಜ್ಜಿ.